ಅಮಾವಾಸ್ಯೆಗೊಮ್ಮೆ ಕೆರೆ ಏರಿಗೆ ಬನ್ನಿ

ವಿಜಯಪುರ, ತಿಕೋಟಾ, ಬಬಲೇಶ್ವರದ ಬಂಧುಗಳೇ,

ಟ್ಯಾಂಕರ್ ಬಂತೆಂದರೆ ಕೊಡ ಹಿಡಿದು ಓಡಿದ ಸೀಮೆ ನಮ್ಮದು. ಈಗ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ನಮ್ಮ ಕೆರೆಗಳಿಗೆ ಏರಿ ಬಂದಿದ್ದಾಳೆ. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆಗೂ ನೀರು ಬಂದಿದೆ. ಏರಿಯ ಮೇಲೆ ನಿಂತು ನೀರು ಎಷ್ಟಿದೆ ಎಂದು ನೋಡಿ ಹಿಗ್ಗುತ್ತೇವೆ. ಹೇಗಿದೆ ಎಂದೂ ಕೇಳೋಣ ಎಂಬುದೇ ಈ ಮನವಿ.

ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುತ್ತೇವೆ. ಆದರೂ ಅದರ ಸವುಳು ನೀರು ಕುಡಿಯಲಾಗದು. ಉಪ್ಪನ್ನು ನಾಲಿಗೆ ಹಿಡಿಯುತ್ತದೆ; ನೈಟ್ರೇಟ್, ಫ್ಲೋರೈಡ್ ಅದಕ್ಕೆ ಸಿಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 45, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಮೀರಿದೆಯೋ ಇಲ್ಲವೋ ಪರೀಕ್ಷೆಯೇ ಹೇಳಬೇಕು.

ದ್ರಾಕ್ಷಿ ತೋಟದ ಗೊಬ್ಬರ, ಸಿಂಪಡಿಸಿದ ಮೈಲುತುತ್ತ, ಊರ ಗಟಾರದ ಹೊಲಸು ಮಳೆ ಬಂದಾಗ ತಗ್ಗು ಹುಡುಕುತ್ತವೆ. ಗೊಬ್ಬರದ ಸಾರ ಉಂಡು ಪಾಚಿ ಹಬ್ಬುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ. ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನು ಉಸಿರಿಗೆ ಒದ್ದಾಡುತ್ತವೆ. ಕೆರೆಯಲ್ಲಿ ನಿಲ್ಲದ್ದು ಡೋಣಿ, ಕೃಷ್ಣೆಯ ದಾರಿ ಹಿಡಿದು ಬಂಗಾಳ ಕೊಲ್ಲಿಯ ದಡದವರೆಗೆ ಹೋಗುತ್ತದೆ. ನಾವು ನೋಡದ ಕಡಲಿನ ಮೀನಿಗೂ ನಮ್ಮ ಹೊಲಕ್ಕೂ ನಂಟಿದೆ.

ಬೆಳೆಗಾರರೇ, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕಿ. ಔಷಧಿ ಹೊಡೆದ ಪಂಪನ್ನು ಕೆರೆ, ಹಳ್ಳದಲ್ಲಿ ತೊಳೆಯಬೇಡಿ. ಬದುವಿನ ಹುಲ್ಲು ಉಳಿಸಿ; ಕೊಚ್ಚಿ ಬರುವ ಮಣ್ಣನ್ನು ಅದು ತಡೆಯುತ್ತದೆ.

ಅಕ್ಕತಂಗಿಯರೇ, ನೀರು ಪರೀಕ್ಷಿಸಲು ಊರಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಜಲಜೀವನ್ ಮಿಷನ್ ಹೇಳುತ್ತದೆ. ನಿಮ್ಮ ಊರಿನ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ಗ್ರಾಮಸಭೆಯಲ್ಲಿ ಕೇಳಿ.

ಶಿಕ್ಷಕರೇ, 1865ರಲ್ಲಿ ಇಟಲಿಯ ಪಾದ್ರಿ ಏಂಜೆಲೊ ಸೆಕ್ಕಿ ಮೆಡಿಟರೇನಿಯನ್ ಕಡಲಿಗೆ ಬಿಳಿ ತಟ್ಟೆ ಇಳಿಸಿ, ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆಂದು ನೋಡಿ ನೀರಿನ ತಿಳಿ ಅಳೆದರು. ಕಡಲಿನ ಆ ವಿದ್ಯೆ ಕೆರೆಗೂ ಸಲ್ಲುತ್ತದೆ. ತಟ್ಟೆ, ಗುರುತು ಹಾಕಿದ ಹಗ್ಗ ಸಾಕು; ನೀರಿಗೆ ಇಳಿಸುವಾಗ ಮಕ್ಕಳ ಜೊತೆ ದೊಡ್ಡವರಿರಲಿ.

ನಗರದವರೇ, 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ವಿಜಯಪುರಕ್ಕೆ ನೀರು ಬರುತ್ತಿತ್ತು. ಅಂಥ ಕೆರೆ, ಬಾವಡಿಗಳಿಗೆ ಕಸ, ಚರಂಡಿ ಸೇರದಂತೆ ನೀವೇ ಕಾವಲಾಗಿ.

ಅಮಾವಾಸ್ಯೆಗೆ ಎತ್ತಿಗೂ ಬಿಡುವು, ಒಕ್ಕಲಿಗನಿಗೂ ಬಿಡುವು. ಅಂದು ಬೆಳಿಗ್ಗೆ ತೊಳೆದ ಬಾಟಲಿ, ಒಂದು ನೋಟ್‌ಬುಕ್ ಹಿಡಿದು ಏರಿಗೆ ಬನ್ನಿ. ಕಂಡದ್ದನ್ನು ಬರೆದು ಪಂಚಾಯಿತಿ ಗೋಡೆಗೆ ಹಚ್ಚೋಣ. ಹನ್ನೆರಡು ಅಮಾವಾಸ್ಯೆ ತಪ್ಪದೆ ಬರೆದರೆ, ನಮ್ಮ ಕೆರೆಯ ಒಂದು ವರ್ಷದ ಆರೋಗ್ಯ ನಮ್ಮ ಕೈಬರಹದಲ್ಲೇ ಇರುತ್ತದೆ.