ಡಬ್ಬ ಖಾಲಿಯಾದಾಗ ಬೈಯುವ ಮೊದಲು

ಆರ್ಕಿಮಿಡೀಸನ ತತ್ವವನ್ನು ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಒಂದು ತಮಾಷೆ ಮಾಡುತ್ತಿದ್ದೆ. ತರಗತಿಯಲ್ಲಿ ಸ್ವಲ್ಪ ದಪ್ಪಗಿರುವ ಹುಡುಗನೊಬ್ಬನನ್ನು ತೋರಿಸಿ, “ಇವನು ತೊಟ್ಟಿಗೆ ಇಳಿದರೆ ಎಷ್ಟು ನೀರು ಹೊರಗೆ ಚೆಲ್ಲುತ್ತೆ, ಲೆಕ್ಕ ಹಾಕಿ” ಎನ್ನುತ್ತಿದ್ದೆ. ಮಕ್ಕಳೆಲ್ಲ ನಗುತ್ತಿದ್ದರು. ಆ ಹುಡುಗನೂ ನಗುತ್ತಿದ್ದ. ಪಾಠ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಆ ತಮಾಷೆಯನ್ನು ಬಿಟ್ಟೆ. ಯಾಕೆ ಬಿಟ್ಟೆ ಎಂಬುದೇ ಈ ವಾರದ ವಿಷಯ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಒಂದು ಸಂಜೆ ಗಾಂಧಿ ಬಜಾರಿನಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಎದುರಾದರು. “ಮೇಷ್ಟ್ರೇ, ನೀವಾದರೂ ಇವನಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದವರೇ ಕಣ್ಣು ಒರೆಸಿಕೊಂಡರು. ಗೋಕುಲಾಷ್ಟಮಿಗೆಂದು ಮಾಡಿಟ್ಟಿದ್ದ ಚಕ್ಕುಲಿ ಎರಡೇ ರಾತ್ರಿಗೆ ಖಾಲಿಯಾಗಿತ್ತಂತೆ. ಪುಸ್ತಕಗಳ ಹಿಂದೆ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಕ್ಕಿದವಂತೆ. ಬೆಳಗಾದರೆ ಮಾತ್ರ ತಿಂಡಿ ಬೇಡ. ಟಿಫಿನ್ ಡಬ್ಬ ಬೇರೆ ಹುಡುಗರ ಪಾಲು. ತಂದೆ ಸಿಟ್ಟಿನಿಂದ ಅಡುಗೆಮನೆಯ ಬೀರುವಿಗೆ ಬೀಗ ಹಾಕಿದರು. ಆಮೇಲೆ ಪರ್ಸಿನಿಂದ ಚಿಲ್ಲರೆ ಮಾಯವಾಗತೊಡಗಿತು. ಬೇಕರಿಯ ದಾರಿ ಹುಡುಗನಿಗೆ ಗೊತ್ತಿತ್ತು.

ಮರುದಿನ ಪ್ರಯೋಗಾಲಯದ ಕೆಲಸ ಮುಗಿದ ಮೇಲೆ ಅವನನ್ನು ಉಳಿಸಿಕೊಂಡೆ. “ರಾತ್ರಿ ಅಷ್ಟೊಂದು ಹಸಿವಾಗುತ್ತೇನೋ?” ಎಂದು ಕೇಳಿದೆ.

“ಇಲ್ಲ ಸಾರ್.”

“ಮತ್ತೆ?”

ಅವನು ಬೀಕರನ್ನು ಒರೆಸುತ್ತಲೇ ಇದ್ದ. “ತಿಂತಾ ಇರೋವಾಗ ತಲೆಯೊಳಗೆ ಏನೂ ಇರಲ್ಲ ಸಾರ್. ನಿಲ್ಲಿಸೋಣ ಅಂದ್ರೂ ಆಗಲ್ಲ. ಮುಗಿದ ಮೇಲೆ ಎಲ್ಲಾ ಬರುತ್ತೆ.”

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ತೊಟ್ಟಿಯ ಪಾಠವಾದ ದಿನ ಸಣ್ಣಗಾಗಲೇಬೇಕೆಂದು ನಿಶ್ಚಯಿಸಿ ಮಧ್ಯಾಹ್ನದ ಊಟ ಬಿಟ್ಟನಂತೆ. ಅಲ್ಲಿಂದ ಶುರು. ಮೂರು ದಶಕ ಪಾಠ ಮಾಡಿದ ನನಗೆ ಆ ಹೊತ್ತಿನಲ್ಲಿ ಮಾತು ಹೊರಡಲಿಲ್ಲ.

ಊಟ ಬಿಟ್ಟವನು ರಾತ್ರಿ ಯಾಕೆ ಹೀಗೆ ತಿನ್ನುತ್ತಾನೆ? ಇದಕ್ಕೆ ವಿಜ್ಞಾನದಲ್ಲಿ ಒಂದು ಹಳೆಯ ಉತ್ತರವಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರೆಲ್ಲ ತಾವಾಗಿಯೇ ಮುಂದೆ ಬಂದವರು. ತಿಂಗಳುಗಳು ಕಳೆದಂತೆ ಅವರಿಗೆ ಊಟದ ಯೋಚನೆ ಬಿಟ್ಟು ಬೇರೆ ಯೋಚನೆ ಇಲ್ಲವಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಸಿಡುಕು, ಮಂಕು, ಒಂಟಿತನ ಕವಿದವು. ಮತ್ತೆ ಊಟ ಸಿಕ್ಕಾಗ ಹಲವರು ಹೊಟ್ಟೆ ಬಿರಿಯುವಂತೆ ತಿಂದರೂ ಸಾಕೆನಿಸಲಿಲ್ಲ. ಮನಸ್ಸು ಗಟ್ಟಿಯಿದ್ದ ವಯಸ್ಕರ ಪಾಡೇ ಇದಾದರೆ, ಹದಿನಾಲ್ಕರ ಹುಡುಗನ ಗತಿಯೇನು?

ಹಸಿವು ಇದರ ಅರ್ಧ ಭಾಗ ಮಾತ್ರ. ಇನ್ನರ್ಧ ಮನಸ್ಸಿನದು. ಅವಮಾನ, ಪರೀಕ್ಷೆಯ ಭಯ, ಮನೆಯೊಳಗಿನ ಜಗಳ, ಯಾರಲ್ಲೂ ಹೇಳಿಕೊಳ್ಳಲಾಗದ ದುಃಖ – ಇವುಗಳಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಲು ತಿಂಡಿಯೇ ದಾರಿಯಾಗುತ್ತದೆ. ತಿಂದ ಮೇಲೆ ನಾಚಿಕೆ. ನಾಚಿಕೆಯಿಂದ ಮರುದಿನ ಉಪವಾಸ. ಉಪವಾಸದಿಂದ ಮತ್ತೆ ರಾತ್ರಿಯ ಡಬ್ಬ. ಗಾಣದ ಎತ್ತಿನ ಹಾಗೆ ಮಗು ಅಲ್ಲಲ್ಲೇ ಸುತ್ತುತ್ತದೆ. ಬೀಗ ಮತ್ತು ಬೈಗುಳ ಆ ಗಾಣವನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತವೆ, ಅಷ್ಟೇ.

ವೈದ್ಯರು ಇದನ್ನು ‘ಬಿಂಜ್ ಈಟಿಂಗ್’ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ಒಪ್ಪಿತು. ಹಾಗೆಂದು ಹೆಚ್ಚು ತಿಂದದ್ದೆಲ್ಲ ಕಾಯಿಲೆಯಲ್ಲ. ಕಡಲೆಕಾಯಿ ಪರಿಷೆಯಲ್ಲಿ ಗೆಳೆಯರೊಡನೆ ಸೇರುಗಟ್ಟಲೆ ಸುಲಿದು ತಿಂದರೆ, ವಿದ್ಯಾರ್ಥಿ ಭವನದಲ್ಲಿ ಎರಡನೆಯ ಮಸಾಲೆ ದೋಸೆ ಹೇಳಿದರೆ ಯಾರೂ ಗಾಬರಿಯಾಗಬೇಕಿಲ್ಲ. ಬೆಳೆಯುವ ಮಕ್ಕಳಿಗೆ ಹಸಿವು ಸಹಜ. ಹಸಿವಿಲ್ಲದಿದ್ದರೂ, ಅವಸರದಿಂದ, ಬಚ್ಚಿಟ್ಟುಕೊಂಡು, ಹೊಟ್ಟೆ ನೋಯುವವರೆಗೆ ತಿನ್ನುವುದು, ನಿಲ್ಲಿಸಲು ಆಗದಿರುವುದು, ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗುವುದು – ಇವು ಲಕ್ಷಣಗಳು. ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ ಹೀಗಾದರೆ ಕಾಯಿಲೆಯೆಂದು ಲೆಕ್ಕ. ಆದರೆ ವೈದ್ಯರನ್ನು ಕಾಣಲು ಮೂರು ತಿಂಗಳು ಕಾಯಬೇಕಿಲ್ಲ. ಇದರ ಜೊತೆಗೆ ಖಿನ್ನತೆ, ಆತಂಕ ಸೇರಿಕೊಂಡಿರುವುದು ಸಾಮಾನ್ಯ. ಸಣ್ಣಗಿರುವ ಮಕ್ಕಳಿಗೂ ಬರಬಹುದು. ಹುಡುಗಿಯರಿಗೆ ಮಾತ್ರ ಬರುತ್ತದೆಂಬುದೂ ತಪ್ಪು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರಂತೂ ತಡಮಾಡಲೇಬಾರದು.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲು ಬೀಗ ತೆಗೆಯಿರಿ. ಹೊತ್ತು ಹೊತ್ತಿಗೆ ಊಟ ತಪ್ಪದಂತೆ ನೋಡಿಕೊಳ್ಳಿ; ನಿನ್ನೆ ರಾತ್ರಿ ಏನೇ ತಿಂದಿರಲಿ, ಇವತ್ತಿನ ಬೆಳಗಿನ ಉಪ್ಪಿಟ್ಟು ತಪ್ಪಬಾರದು. ದಿನಕ್ಕೊಂದು ಊಟವಾದರೂ ಎಲ್ಲರೂ ಜೊತೆಯಾಗಿ ಕೂತು ಮಾಡಿ. ಮಗುವಿನ ತೂಕ, ತಟ್ಟೆ, ಹೊಟ್ಟೆಗಳ ಬಗ್ಗೆ ನೆಂಟರಿಷ್ಟರ ಎದುರು ಮಾತಾಡಬೇಡಿ. “ಎಷ್ಟು ತಿಂದೆ?” ಎನ್ನುವ ಬದಲು “ಏನು ಬೇಜಾರು?” ಎಂದು ಕೇಳಿ. ಉತ್ತರ ಬರಲು ವಾರಗಳಾಗಬಹುದು; ಕಾಯಿರಿ.

ಚಿಕಿತ್ಸೆಯೂ ಇದೆ. ಮಾತುಕತೆಯ ಮೂಲಕ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದಿಕೊಳ್ಳುವ ವಿಧಾನ ಇದಕ್ಕೆ ಒಗ್ಗುತ್ತದೆ. ನಿಮ್ಹಾನ್ಸ್ ಬಸವನಗುಡಿಗೆ ದೂರವೇನಲ್ಲ, ಲಾಲ್‌ಬಾಗಿನ ಆಚೆಗಿದೆ. ಮಕ್ಕಳಿಗೂ ಹದಿಹರೆಯದವರಿಗೂ ಅಲ್ಲಿ ಬೇರೆಯೇ ವಿಭಾಗವಿದೆ. ಆ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ನಮ್ಮ ಊರಿನ ಚಾಳಿಯಿಂದಾಗಿ ಎಷ್ಟೋ ಮಂದಿ ಅದರ ಗೇಟಿನವರೆಗೂ ಹೋಗುವುದಿಲ್ಲ. ಅಂಥವರು ಮನೆಯಿಂದಲೇ 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ–ಮಾನಸ್ ಸೇವೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗನ ಮನೆಯವರು ಮನೋವೈದ್ಯರನ್ನು ಕಂಡರು. ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ನಡುನಡುವೆ ಡಬ್ಬಗಳು ಖಾಲಿಯಾದದ್ದೂ ಉಂಟು. ಆದರೆ ಈಗ ಖಾಲಿಯಾದರೆ ಅವನೇ ಬೆಳಗ್ಗೆ ಅಮ್ಮನಿಗೆ ಹೇಳುತ್ತಿದ್ದ. ವೈದ್ಯರು ಅದನ್ನೇ ದೊಡ್ಡ ಹೆಜ್ಜೆ ಎಂದರಂತೆ.

ನಾನು ಅವನಲ್ಲಿ ಕ್ಷಮೆ ಕೇಳಿದೆ. “ಪರವಾಗಿಲ್ಲ ಸಾರ್, ಎಲ್ಲರೂ ಹಾಗೇ ಅಂತಾರೆ” ಎಂದ. ಆ ‘ಎಲ್ಲರೂ’ ಎಂಬ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಈಗ ಆರ್ಕಿಮಿಡೀಸನ ಪಾಠಕ್ಕೆ ಮನೆಯಿಂದ ಒಂದು ಆಲೂಗೆಡ್ಡೆ ಒಯ್ಯುತ್ತೇನೆ. ನೀರು ಅಷ್ಟೇ ಚೆನ್ನಾಗಿ ಚೆಲ್ಲುತ್ತದೆ. ಆಲೂಗೆಡ್ಡೆಗೆ ಬೇಜಾರಾಗುವುದಿಲ್ಲ.