ಮುಖ ತಿರುಗಿಸಿದ ಕೂಸು

ಎರಡು ತಿಂಗಳ ಕೂಸು ಆಡಿ ಆಡಿ ದಣಿದು ಮುಖ ತಿರುಗಿಸುತ್ತದೆ. 'ನಿದ್ದೆ ಬಂತೇನೋ' ಎಂದು ಒಬ್ಬ ತಾಯಿ ಅದನ್ನು ಮಡಿಲಿಗೆಳೆದುಕೊಳ್ಳುವಳು. ಇನ್ನೊಬ್ಬಳ ಎದೆಗೆ ಅದೇ ಚಲನೆ ಅಲಗಿನಂತೆ ನಾಟುತ್ತದೆ: 'ಇದಕ್ಕೂ ನಾನು ಬೇಡವಾದೆ!'

ಈ ಎರಡನೆಯವಳ ವ್ಯಾಧಿಗೆ ವೈದ್ಯರು ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವೆನ್ನುತ್ತಾರೆ. ಸಾಮಾನ್ಯ ಮನೋವ್ಯಾಕುಲತೆಗೂ ಬುದ್ಧಿಭ್ರಮಣೆಗೂ ನಡುವಣ ಗಡಿಯಲ್ಲಿ ಇರುವವರನ್ನು ಕುರಿತು ನ್ಯೂಯಾರ್ಕಿನ ಅಡಾಲ್ಫ್ ಸ್ಟರ್ನ್ 1938ರಲ್ಲಿ ಬರೆದಂದಿನಿಂದ ಆ ಹೆಸರು ಅಂಟಿಕೊಂಡಿತು. ಹೆಸರೇನೋ ಅಷ್ಟು ಸಮರ್ಪಕವಲ್ಲ. ಪ್ರೀತಿಸಿದವರು ತೊರೆದಾರೆಂಬ ಎಡೆಬಿಡದ ಭಯ, ಗಳಿಗೆಗೊಮ್ಮೆ ಉಕ್ಕಿ ಇಳಿಯುವ ಭಾವ, ಒಮ್ಮೊಮ್ಮೆ ತನ್ನನ್ನೇ ನೋಯಿಸಿಕೊಳ್ಳುವ ಆವೇಗ, ಇವು ಅದರ ಲಕ್ಷಣಗಳು. ಇವುಗಳ ಮೇಲೆ ನಿದ್ದೆಗೆಟ್ಟ ಬಾಣಂತನದ ರಾತ್ರಿಗಳು ಬೇರೆ!

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1978ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಾಯಿ ಕೂಸಿನೊಡನೆ ನಗುನಗುತ್ತ ಆಡುವಳು. ಬಳಿಕ ಕೆಲವು ನಿಮಿಷ ಮುಖವನ್ನು ಕಲ್ಲಾಗಿಸಿ ಸುಮ್ಮನೆ ಕೂರುವಳು. ಆಮೇಲೆ ಮತ್ತೆ ನಗುವಳು. 2003ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಈ ವ್ಯಾಧಿಯುಳ್ಳ ತಾಯಂದಿರ ಎರಡು ತಿಂಗಳ ಕೂಸುಗಳನ್ನು ಹೀಗೆಯೇ ಪರೀಕ್ಷಿಸಿದರು. ಕಲ್ಲುಮುಖದೆದುರು ಅವು ಇತರ ಕೂಸುಗಳಿಗಿಂತ ಹೆಚ್ಚಾಗಿ ನೋಟ ತಪ್ಪಿಸಿದವು, ಮಂಕು ಕವಿದಂತೆ ನೋಡಿದವು. ಆಟ ಮತ್ತೆ ಮೊದಲಾದ ಮೇಲೂ ಅವುಗಳ ಉಲ್ಲಾಸ ಕುಂದಿಯೇ ಇತ್ತು.

ಇದನ್ನು ಕೇಳಿದ ತಾಯಿ 'ನಾನು ಹಡೆಯಲೇಬಾರದಿತ್ತು' ಎಂದುಕೊಂಡರೆ ಆಶ್ಚರ್ಯವೇನು? ಆದರೆ ಟ್ರಾನಿಕ್ಕರ ಇನ್ನೊಂದು ಎಣಿಕೆಯನ್ನೂ ಯಾರಾದರೂ ಅವಳಿಗೆ ತಿಳಿಸಬೇಕು. ಆರೋಗ್ಯವಂತ ತಾಯಿ-ಕೂಸುಗಳ ಆಟದಲ್ಲಿಯೂ ಇಬ್ಬರ ಭಾವ ಕೂಡಿಬರುವುದು ನೂರಕ್ಕೆ ಸುಮಾರು 30 ಪಾಲು ಹೊತ್ತು ಮಾತ್ರ. ಉಳಿದುದೆಲ್ಲ ತಪ್ಪುವುದು, ತಿದ್ದಿಕೊಂಡು ಮತ್ತೆ ಕೂಡುವುದು. ತಾಯಿ ಮರಳಿ ಬರುವಳೆಂಬ ನಂಬಿಕೆ ಕೂಸಿನಲ್ಲಿ ಬೇರೂರುವುದು ಆ ಕೂಡುವಿಕೆಯಿಂದಲೇ.

ಮರಳುವುದನ್ನು ಅಭ್ಯಾಸದಿಂದ ಕಲಿಯಬಹುದು. ತಾವೇ ಹರೆಯದಲ್ಲಿ ಇಂಥ ಸಂಕಟದಿಂದ ಆಸ್ಪತ್ರೆ ಸೇರಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿದ ಮಾರ್ಷಾ ಲೈನ್‌ಹ್ಯಾನ್ ರೂಪಿಸಿದ ಚಿಕಿತ್ಸೆಯಲ್ಲಿ, ಉಕ್ಕಿದ ಭಾವಕ್ಕೆ ಹೆಸರಿಟ್ಟು, ಅದು ಎಳೆದತ್ತ ಹೋಗದೆ ತಡೆದು ನಿಲ್ಲುವುದನ್ನು ಕಲಿಸುತ್ತಾರೆ. ಅಳುವ ಕೂಸನ್ನು ತೊಟ್ಟಿಲಲ್ಲಿ ಜೋಪಾನವಾಗಿ ಮಲಗಿಸಿ, ಪಕ್ಕದ ಕೋಣೆಯಲ್ಲಿ ಮುಖಕ್ಕೆ ತಣ್ಣೀರೆರಚಿಕೊಂಡು, ಉಸಿರು ಹದಕ್ಕೆ ಬಂದೊಡನೆ ಅವಳು ಹಿಂದಿರುಗುವಳು. ಮನೆಯ ಹಿರಿಯರು ಇದನ್ನು ಕಲ್ಲೆದೆಯೆಂದು ಜರೆದಾರು. ಜರೆಯುವ ಬದಲು ಆ ಹೊತ್ತು ತೊಟ್ಟಿಲು ತೂಗಿದರೆ ಲೇಸು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೀವ್ರ ಮನೋವ್ಯಾಧಿಯ ಬಾಣಂತಿಯರನ್ನು ಕೂಸಿನೊಡನೆಯೇ ಇರಿಸಿಕೊಂಡು ಉಪಚರಿಸುವ ವಿಭಾಗ 2009ರಲ್ಲಿ ಆರಂಭವಾಯಿತು. ತಾಯಿ ಆಸ್ಪತ್ರೆಯಲ್ಲಿ, ಕೂಸು ಅಜ್ಜಿಯ ಮನೆಯಲ್ಲಿ ಎಂಬ ಏರ್ಪಾಟಿನಲ್ಲಿ, ಎಲ್ಲರೂ ತನ್ನನ್ನು ತೊರೆಯುವರೆಂದು ಮೊದಲೇ ನಂಬಿದವಳಿಗೆ ಬರಿದಾದ ಮಡಿಲೇ ಅದರ ಸಾಕ್ಷಿಯಾಗುತ್ತಿತ್ತು.