ಕ್ರೈಸ್ತ ಚಾನೆಲ್‌ಗಳ ಐದು ವರ್ಷ

2020ರ ಮಾರ್ಚ್ ಕೊನೆಗೆ ಚರ್ಚುಗಳ ಬಾಗಿಲು ಮುಚ್ಚಿದಾಗ ಪಾದ್ರಿಗಳೂ ಸಭಾಪಾಲಕರೂ ಮೊಬೈಲನ್ನು ಎದುರಿಗಿಟ್ಟುಕೊಂಡು ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿದರು. ಆ ವರ್ಷದ ಗುಡ್ ಫ್ರೈಡೇ, ಈಸ್ಟರ್ ನಮ್ಮಲ್ಲಿ ಅನೇಕರ ಮನೆಗೆ ಬಂದದ್ದು ಯೂಟ್ಯೂಬಿನಲ್ಲಿ. ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಬೆನ್ನಿಗೇ ರೀಲ್ಸ್ ಮತ್ತು ಶಾರ್ಟ್ಸ್ ಬಂದವು. ಬಾಗಿಲು ತೆರೆದ ಮೇಲೂ ಚಾನೆಲ್‌ಗಳು ನಿಲ್ಲಲಿಲ್ಲ.

ಹಾಸಿಗೆ ಹಿಡಿದ ಹಿರಿಯರು ಭಾನುವಾರದ ಆರಾಧನೆಯನ್ನು ತಮ್ಮ ಭಾಷೆಯಲ್ಲೇ ಕೇಳುತ್ತಿದ್ದಾರೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಊರಿನ ಚರ್ಚಿನ ಹಾಡು ಸಿಗುತ್ತಿದೆ. ಇದು ದೊಡ್ಡ ಗಳಿಕೆ. ಮಾಧ್ಯಮವೂ ನಮಗೆ ಹೊಸದಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ತಮ್ಮ ಸಭೆಗಷ್ಟೇ ಬರೆಯಲಿಲ್ಲ. ಊರ ವರ್ತಮಾನ, ಸರ್ಕಾರದ ಆಜ್ಞೆ, ಕಥೆಗಳನ್ನು ಊರಿಗೆಲ್ಲ ಮುಟ್ಟಿಸಿದರು. ಇಂದಿನ ನಮ್ಮ ಚಾನೆಲ್‌ಗಳು ಬಹುತೇಕ ನಮ್ಮೊಳಗೇ ಮಾತಾಡಿಕೊಳ್ಳುತ್ತಿವೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಸಾಕ್ಷಿಯ ವಿಡಿಯೊಗಳು. ಪ್ರಾರ್ಥನಾ ಕೂಟದಲ್ಲಿ ಕಣ್ಣೀರಿಡುತ್ತಾ ವೇದಿಕೆ ಹತ್ತಿದ ತಾಯಿ ತನ್ನ ಕಾಯಿಲೆ, ಗಂಡನ ಕುಡಿತ, ಮಗಳ ಮದುವೆ ಮುರಿದದ್ದು ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಅಲ್ಲಿದ್ದವರ ಮುಂದೆ ಮನಸ್ಸು ಬಿಚ್ಚಿದ್ದಾಳೆಯೇ ಹೊರತು ಲೋಕಕ್ಕೆಲ್ಲ ಹೇಳಲು ಒಪ್ಪಿಲ್ಲ. ಮರುದಿನ ಕೆಂಪು ಅಕ್ಷರದ ಥಂಬ್‌ನೇಲಿನಲ್ಲಿ ಅವಳ ಮುಖವಿರುತ್ತದೆ, ಆ ಮಗಳ ಗೆಳತಿಯರೂ ನೋಡುತ್ತಾರೆ. ‘ಸಕ್ಕರೆ ಕಾಯಿಲೆ ಮಾಯ’ ಎಂಬ ತಲೆಬರಹ ನಂಬಿ ಇನ್ಸುಲಿನ್ ಬಿಟ್ಟವರ ಜೀವಕ್ಕೆ ಯಾರು ಹೊಣೆ? ವೈದ್ಯರ ವರದಿ ನೋಡದೆ ಗುಣವಾಯಿತೆಂದು ಸಾರುವುದು ಸುಳ್ಳುಸಾಕ್ಷಿಗೆ ಹತ್ತಿರವಾದದ್ದು. ಹತ್ತು ಆಜ್ಞೆಗಳಲ್ಲಿ ಅದಕ್ಕೂ ಜಾಗವಿದೆ.

ದಾನದ ವಿಡಿಯೊಗಳದ್ದೂ ಇದೇ ಪಾಡು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮತ್ತಾಯನ ಆರನೇ ಅಧ್ಯಾಯದಲ್ಲಿ ಯೇಸು ಸ್ಪಷ್ಟವಾಗಿ ಬೋಧಿಸಿದ್ದಾನೆ. ಅಕ್ಕಿ ಚೀಲ ಹಿಡಿದ ವಿಧವೆಯನ್ನು ಕ್ಯಾಮೆರಾಕ್ಕೆ ಮುಖಮಾಡಿ ನಿಲ್ಲಿಸುವವರು ಆ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ದಾನಿಗಳಿಗೆ ಲೆಕ್ಕ ಕೊಡಬೇಕೇ? ರಸೀತಿ ತೋರಿಸಿ, ಮುಖ ಬೇಡ.

2023ರ ಮೇ 28ರಂದು ವ್ಯಾಟಿಕನ್ ಸಾಮಾಜಿಕ ಜಾಲತಾಣಗಳ ಬಗ್ಗೆ ಹೊರಡಿಸಿದ ಚಿಂತನಾ ಪತ್ರವು ಒಳ್ಳೆಯ ಸಮಾರ್ಯದವನ ಕಥೆಯನ್ನೇ ಆಧಾರವಾಗಿ ಹಿಡಿದಿದೆ. ಆ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ನಿಂತವನೇ ನೆರೆಯವನು. ಜಾಲವನ್ನು ಹೇಗೆ ಬಳಸಬೇಕೆಂಬುದಕ್ಕೆ ಮಾದರಿಯೂ ನಮ್ಮ ಮುಂದಿದೆ. 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿತನಾದ ಕಾರ್ಲೊ ಅಕ್ಯುಟಿಸ್, 2006ರಲ್ಲಿ 15ರ ಹರೆಯದಲ್ಲೇ ತೀರಿಕೊಂಡ ಹುಡುಗ, ಜಾಲತಾಣವನ್ನು ಕಟ್ಟಿದ್ದು ಪರಮಪ್ರಸಾದದ ಕುರಿತ ಮಾಹಿತಿ ಜೋಡಿಸಿಡಲು, ತನ್ನನ್ನು ಮೆರೆಸಲು ಅಲ್ಲ. ನಮ್ಮಲ್ಲೋ, ಇನ್ನೊಂದು ಸಭೆಯ ಬೋಧನೆಯನ್ನು ಹೀಯಾಳಿಸಿದ ವಿಡಿಯೊಗೇ ವೀಕ್ಷಣೆ ಏರುತ್ತದೆ. ಜಗಳಕ್ಕೆ ಜನ ಸೇರುತ್ತಾರೆ, ಜನ ಸೇರಿದಲ್ಲಿಗೆ ಯೂಟ್ಯೂಬ್ ಇನ್ನಷ್ಟು ಜನರನ್ನು ಕಳಿಸುತ್ತದೆ. ಅದನ್ನು ದೇವರ ಆಶೀರ್ವಾದವೆಂದು ತಿಳಿಯುವುದು ತಪ್ಪು.

ಚಾನೆಲ್ ನಡೆಸುವ ಸಹೋದರ ಸಹೋದರಿಯರೇ, ನಿಮ್ಮ ಶ್ರಮದ ಬಗ್ಗೆ ನನಗೆ ಗೌರವವಿದೆ. ಸಾಕ್ಷಿ ಹೇಳಿದವರು ಮನೆಗೆ ಹೋಗಿ, ಅಳು ತಗ್ಗಿದ ಮೇಲೆ ಅವರ ಒಪ್ಪಿಗೆಯನ್ನು ಇನ್ನೊಮ್ಮೆ ಕೇಳಿ, ಆಮೇಲೆ ಹಾಕಿ. ಹಾಕಿದ್ದನ್ನು ತೆಗೆಯಿರಿ ಎಂದು ಯಾರಾದರೂ ಕೇಳಿದರೆ ಎಷ್ಟೇ ವೀಕ್ಷಣೆ ಬಂದಿರಲಿ, ಕಾರಣ ಕೇಳದೆ ಅಂದೇ ತೆಗೆದುಹಾಕಿ.